ಐದನೇ ವರ್ಷದ ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನ ಮುಂದೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಇರುವ ದಾರಿಗಳು ಹೆಚ್ಚೇನಿಲ್ಲ. ಪಿಯುಸಿ, ಐಟಿಐ, ಅಪ್ಪನ ಹೊಲ, ಇಲ್ಲವೇ ಪುಣೆ–ಗೋವಾದ ಕಡೆ ದುಡಿಯಲು ಹೋಗುವುದು. ಮೈಯಲ್ಲಿ ಕಸುವಿದ್ದವನಿಗೆ ಇನ್ನೊಂದು, ಮಿಲ್ಟ್ರಿ ಭರತಿ. ಈ ಕೊನೆಯದರ ಮಾತು ಬಂದಾಗ ಮನೆಯಲ್ಲೂ ಊರ ಕಟ್ಟೆಯಲ್ಲೂ ಎರಡೇ ಸಂಗತಿ ಚರ್ಚೆಯಾಗುತ್ತವೆ: ಒಂದು ಅಭಿಮಾನ, ಇನ್ನೊಂದು ಬಡತನ. ಮಗ ಸಮವಸ್ತ್ರ ತೊಟ್ಟರೆ ಮನೆತನಕ್ಕೆ ಹೆಸರು ಎನ್ನುವವರು ಒಂದು ಕಡೆ, ತಿಂಗಳಾದರೆ ಪಗಾರ ಬರುತ್ತದಲ್ಲ ಎನ್ನುವವರು ಇನ್ನೊಂದು ಕಡೆ. ಎರಡೂ ನಿಜವೇ. ಆದರೆ ಎರಡನ್ನೂ ಕೂಡಿಸಿದರೂ ತೀರ್ಮಾನಕ್ಕೆ ಸಾಲುವುದಿಲ್ಲ ಎಂಬುದು ಈ ಲೇಖನದ ವಾದ. 2022ರಿಂದ ಈಚೆಗೆ ಸೈನಿಕನಾಗಿ ಸೇರುವ ಹುಡುಗ ಸೇರುವುದು ಅಗ್ನಿಪಥ ಯೋಜನೆಯ ನಾಲ್ಕು ವರ್ಷದ ಕರಾರಿಗೆ. ಆ ನಾಲ್ಕು ವರ್ಷದಲ್ಲಿ ಏನು ಸಿಗುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಐದನೇ ವರ್ಷ ಅವನು ಎಲ್ಲಿರುತ್ತಾನೆ, ಏನು ಓದಿಕೊಂಡಿರುತ್ತಾನೆ, ಯಾವ ಪರೀಕ್ಷೆಗೆ ಅರ್ಹನಾಗಿರುತ್ತಾನೆ ಎಂದು ಕೇಳುವವರು ಕಡಿಮೆ. ಅಗ್ನಿಪಥದ ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆ ಮತ್ತು 2023ರ ಆರಂಭದಲ್ಲಿ. ಅವರ ಅವಧಿ ಮುಗಿಯುವುದು 2026ರ ಕೊನೆ ಮತ್ತು 2027ರ ಮೊದಲ ತಿಂಗಳುಗಳಲ್ಲಿ. ಹಾಗಾಗಿ ಇನ್ನು ಮುಂದೆ ಅರ್ಜಿ ಹಾಕುವವರು ಐದನೇ ವರ್ಷದ ಲೆಕ್ಕವನ್ನೇ ಮೊದಲು ಮಾಡಬೇಕು.

ಈ ಸೀಮೆಯ ಹುಡುಗರು ಸೇನೆಯ ಕಡೆ ನೋಡುವುದೇಕೆ ಎಂಬುದನ್ನು ಮೊದಲು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಇಂಡಿ, ಸಿಂದಗಿಗೆ ಭೀಮೆ ಇದೆ, ಮುದ್ದೇಬಿಹಾಳ, ಬಾಗೇವಾಡಿಗೆ ಕೃಷ್ಣೆ ಇದ್ದಾಳೆ. ಆದರೂ ಮಳೆಯ ಮುಖ ನೋಡಿ ಬಿತ್ತುವ ಹೊಲವೇ ಹೆಚ್ಚು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು, ಸಂತೋಷವೇ. ಆದರೆ ಲಿಂಬೆ ದರ ಕುಸಿದ ವರ್ಷ ಆ ಮಾನ್ಯತೆ ಸಾಲ ತೀರಿಸುವುದಿಲ್ಲ. ಹಳೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಎದ್ದ ಅಣೆಕಟ್ಟು ಎಷ್ಟೋ ಊರುಗಳ ಎರೆಹೊಲವನ್ನು ನೀರಿನಡಿ ತೆಗೆದುಕೊಂಡಿತು. ಉಳಿದ ಹೊಲ ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಎರಡು-ಮೂರು ಎಕರೆಗೆ ಇಳಿದಿರುವುದನ್ನು ಯಾವ ಊರಿನ ಪಹಣಿ ತೆಗೆದರೂ ನೋಡಬಹುದು. ಸರ್ಕಾರಿ ನೌಕರಿಯ ಬಾಗಿಲೂ ಈ ಜಿಲ್ಲೆಗೆ ಅಷ್ಟು ಅಗಲವಾಗಿಲ್ಲ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಭೀಮೆಯಾಚೆಯ ಅಫಜಲಪುರಕ್ಕಿದೆ, ಸಿಂದಗಿಯ ಮಗ್ಗುಲಿನ ಜೇವರ್ಗಿಗಿದೆ, ಮುದ್ದೇಬಿಹಾಳಕ್ಕೆ ಅಂಟಿಕೊಂಡ ಸುರಪುರ, ಲಿಂಗಸುಗೂರಿಗಿದೆ. ವಿಜಯಪುರ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತ್ಯದಲ್ಲಿತ್ತು ಎಂಬ ಕಾರಣಕ್ಕೆ ಹೊರಗುಳಿಯಿತು. ನಮ್ಮ ಬಸ್ಸುಗಳ ಮೇಲೆ ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆ ಎಂದು ಬರೆದಿರುತ್ತದೆ. ಬರ, ಗುಳೆ, ಓದಿನ ಕೊರತೆಯಲ್ಲಿ ಆಚೆ ದಂಡೆಗೂ ಈಚೆ ದಂಡೆಗೂ ವ್ಯತ್ಯಾಸ ಹೇಳುವುದು ಕಷ್ಟ, ಮೀಸಲಾತಿಯಲ್ಲಿ ಮಾತ್ರ ನದಿಯೇ ಗಡಿ.

ಇದರ ಜೊತೆಗೆ ರಾಜ್ಯದ ನೇಮಕಾತಿಗಳ ಕಥೆ ಬೇರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 2024ರ ಕೊನೆಗೆ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆಗಳನ್ನೇ ತಡೆಹಿಡಿಯಲಾಯಿತು. ಒಳಮೀಸಲಾತಿಯ ಬೇಡಿಕೆ ನ್ಯಾಯವಾದದ್ದು. ಆದರೆ ವಿಜಯಪುರ, ಧಾರವಾಡಗಳ ಬಾಡಿಗೆ ಕೋಣೆಯಲ್ಲಿ ಓದುತ್ತ ಕುಳಿತವನ ವಯಸ್ಸು ಆ ಹೊತ್ತಿಗೆ ನಿಲ್ಲುವುದಿಲ್ಲ. ಇಂಥ ಕಾಲದಲ್ಲಿ ವರ್ಷಕ್ಕೊಮ್ಮೆ ಅಧಿಸೂಚನೆ ಹೊರಡಿಸುವ, ಸಂದರ್ಶನವೆಂಬ ಕತ್ತಲಕೋಣೆ ಇಲ್ಲದ, ಓಟ, ಪರೀಕ್ಷೆ, ವೈದ್ಯಕೀಯ ತಪಾಸಣೆಗಳ ಮೇಲೆ ನಿಂತ ನೇಮಕಾತಿ ಒಂದು ಇದೆ ಎಂದಾದರೆ ಹುಡುಗ ಆ ಕಡೆ ಓಡುವುದು ಬುದ್ಧಿವಂತಿಕೆಯೇ ಹೊರತು ಹುಚ್ಚಲ್ಲ. ಸೇನೆಗೆ ಹೋಗಬೇಡಿ ಎಂದು ದೂರದಿಂದ ಬುದ್ಧಿ ಹೇಳುವವರು ಈ ಹುಡುಗನಿಗೆ ಬೇರೆ ಯಾವ ಬಾಗಿಲು ತೆರೆದಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಹೀಗಿರುವಾಗ ತಪ್ಪು ಆಗುತ್ತಿರುವುದೆಲ್ಲಿ? ಊರಿನ ಹಿರಿಯರು ಕೊಡುವ ಸಲಹೆ ಇನ್ನೂ ಹಳೆಯ ಸೇನೆಯ ಲೆಕ್ಕದಲ್ಲಿದೆ. ಹದಿನೆಂಟಕ್ಕೆ ಸೇರಿ, ಹದಿನೈದು ವರ್ಷಕ್ಕೂ ಹೆಚ್ಚು ದುಡಿದು, ಮೂವತ್ತೈದು-ನಲವತ್ತರ ಒಳಗೆ ಊರಿಗೆ ಬಂದ ಹವಾಲ್ದಾರರನ್ನು ಎಲ್ಲರೂ ನೋಡಿದ್ದಾರೆ. ಅವರಿಗೆ ಜೀವಮಾನದ ಪಿಂಚಣಿ ಇದೆ, ಕ್ಯಾಂಟೀನ್ ಕಾರ್ಡ್ ಇದೆ, ಹೆಂಡತಿ-ಮಕ್ಕಳಿಗೂ ಸೇರಿ ಚಿಕಿತ್ಸೆಯ ಸೌಲಭ್ಯವಿದೆ. ಮಾಜಿ ಸೈನಿಕರೆಂಬ ಮಾನ್ಯತೆಯಿಂದ ರಾಜ್ಯದ ನೌಕರಿಗಳಲ್ಲಿ ಮೀಸಲಾತಿಯೂ ಇದೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರೂ ಅದು ಪಿಂಚಣಿಯ ಮೇಲಿನ ಆದಾಯ. ಕೊರೊನಾ ಕಾಲದಲ್ಲಿ ಎರಡು ವರ್ಷ ಭರತಿ ರ‍್ಯಾಲಿಗಳು ನಿಂತವು. ಓಟ, ಮೆಡಿಕಲ್ ಮುಗಿಸಿ ಲಿಖಿತ ಪರೀಕ್ಷೆಗೆ ಕಾದಿದ್ದವರನ್ನೂ ಕೈಬಿಟ್ಟು 2022ರ ಜೂನ್ 14ರಂದು ಅಗ್ನಿಪಥ ಘೋಷಣೆಯಾಯಿತು. 2023ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ವಜಾ ಮಾಡಿತು. ಹೊಸ ವ್ಯವಸ್ಥೆಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವವನಿಗೆ ಪಿಂಚಣಿ ಇಲ್ಲ, ಗ್ರಾಚುಟಿ ಇಲ್ಲ, ಮಾಜಿ ಸೈನಿಕನೆಂಬ ಮಾನ್ಯತೆಯೂ ಇಲ್ಲ. ಹವಾಲ್ದಾರ ಮಾವನ ಬದುಕನ್ನು ತೋರಿಸಿ ಅಳಿಯನನ್ನು ಮೈದಾನಕ್ಕೆ ಕಳಿಸುವವರು ಈ ಸಾಲನ್ನು ನಿಧಾನವಾಗಿ ಓದಬೇಕು.

ದುಡ್ಡಿನ ಲೆಕ್ಕವನ್ನು ಬಿಡಿಸಿ ನೋಡೋಣ, ಏಕೆಂದರೆ ಹೆಚ್ಚಿನ ಗೊಂದಲ ಇರುವುದು ಇಲ್ಲೇ. ಅಗ್ನಿಪಥದಡಿ ಸೇರಿದ ಸೈನಿಕನ, ಅಂದರೆ ಅಗ್ನಿವೀರನ, ತಿಂಗಳ ಪಗಾರ ಮೊದಲ ವರ್ಷ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಪ್ರತಿ ತಿಂಗಳೂ ಶೇಕಡ 30ರಷ್ಟನ್ನು ಸೇವಾ ನಿಧಿಗೆ ಹಿಡಿಯುತ್ತಾರೆ. ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000, ಕೊನೆಯ ವರ್ಷ 28,000. ಊಟ, ವಸತಿ, ಬಟ್ಟೆ ಸೇನೆಯದು, ಕಷ್ಟದ ಜಾಗದಲ್ಲಿದ್ದರೆ ಭತ್ಯೆ ಬೇರೆ. ನಾಲ್ಕು ವರ್ಷದಲ್ಲಿ ಹುಡುಗನ ಪಗಾರದಿಂದ ಹಿಡಿದದ್ದು ಸುಮಾರು 5.02 ಲಕ್ಷ, ಸರ್ಕಾರ ಸೇರಿಸುವುದು ಅಷ್ಟೇ, ಬಡ್ಡಿ ಕೂಡಿ ಕೊನೆಗೆ ಕೈಗೆ ಬರುವುದು ಸುಮಾರು 11.71 ಲಕ್ಷ. ಆದಾಯ ತೆರಿಗೆ ಇಲ್ಲ. ಹನ್ನೊಂದು ಲಕ್ಷ ಎಂಬ ಮಾತು ಊರಲ್ಲಿ ಬಹುಮಾನದ ಹಾಗೆ ಓಡಾಡುತ್ತಿದೆ. ನಿಜವಾಗಿ ಅದರ ಹತ್ತಿರಹತ್ತಿರ ಅರ್ಧ ಅವನದೇ ಕೂಲಿ, ತಡವಾಗಿ ಕೈಸೇರುವ ಕೂಲಿ. ಅನಿವಾರ್ಯ ಕಾರಣ ತೋರಿಸಿ, ಅನುಮತಿ ಪಡೆದು ನಡುವೆಯೇ ಹೊರಬಂದರೆ ತನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರದ ಪಾಲು ಸಿಗುವುದಿಲ್ಲ.

ಈ ಹಣಕ್ಕೆ ಊರಲ್ಲಿ ಆಗಲೇ ಕೆಲಸಗಳು ಕಾಯುತ್ತ ನಿಂತಿರುತ್ತವೆ: ತಂಗಿಯ ಮದುವೆ, ಒಣಗಿದ ಲಿಂಬೆ ತೋಟಕ್ಕೆ ಇನ್ನೊಂದು ಬೋರ್‌ವೆಲ್, ಮನೆಯ ಸ್ಲ್ಯಾಬ್, ಸಹಕಾರ ಸಂಘದ ಬಾಕಿ. ಯಾವುದೂ ಕೆಟ್ಟ ಖರ್ಚಲ್ಲ. ಆದರೆ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ ಪಿಂಚಣಿ ಇಲ್ಲದೆ ಊರಿಗೆ ಬಂದು, ಇದ್ದ ಒಂದೇ ಗಂಟನ್ನು ಆರು ತಿಂಗಳಲ್ಲಿ ಹಂಚಿಬಿಟ್ಟರೆ ಮತ್ತೆ ನಿಲ್ಲುವುದು ಪುಣೆಯ ಬಸ್ಸಿನ ಮುಂದೆಯೇ. ಒಂದೆರಡು ವರ್ಷ ಕುಳಿತು ಓದಲು, ಅಥವಾ ಸಣ್ಣದೊಂದು ಉದ್ಯೋಗ ಹೂಡಲು ಬೇಕಾದ ಪಾಲನ್ನು ಮನೆಯವರು ಮೊದಲೇ ಬೇರೆ ತೆಗೆದಿಡಬೇಕು. ಮಗ ತರಬೇತಿಗೆ ಹೋಗುವ ಮುನ್ನ ಅಪ್ಪ-ಅವ್ವ, ಮಗ ಮೂವರೂ ಕುಳಿತು ಆಡಿಕೊಳ್ಳಬೇಕಾದ ಮಾತು ಇದು. ಬರಲಿರುವ ಸೇವಾ ನಿಧಿಯನ್ನು ನಂಬಿ ಇಂದೇ ಕೈಗಡ ಎತ್ತುವುದಂತೂ ಮಗನ ಮುಂದಿನ ಬದುಕನ್ನು ಅವನಿಗೆ ತಿಳಿಯದೆಯೇ ಒತ್ತೆ ಇಟ್ಟ ಹಾಗೆ.

ನಾಲ್ಕು ವರ್ಷದ ನಂತರ ಕಾಯಂ ಸೇವೆಗೆ ಉಳಿಸಿಕೊಳ್ಳುವುದು ಒಂದು ತಂಡದ ಶೇಕಡ 25ರಷ್ಟು ಜನರನ್ನು ಮಾತ್ರ. ಅವರು ಮತ್ತೆ ಕನಿಷ್ಠ ಹದಿನೈದು ವರ್ಷ ಸೇವೆ ಮಾಡುತ್ತಾರೆ. ನಮ್ಮ ಹುಡುಗ ಗಟ್ಟಿ, ಅವನನ್ನು ಬಿಡುವುದಿಲ್ಲ ಎಂದು ಪ್ರತಿ ಮನೆಯೂ ನಂಬುತ್ತದೆ. ನಂಬಿಕೆ ಇರಲಿ. ಆದರೆ ಜೊತೆಯಲ್ಲಿರುವ ಉಳಿದವರೂ ಲಕ್ಷಾಂತರ ಅರ್ಜಿಗಳಲ್ಲಿ ಆರಿಸಿ ಬಂದವರೇ, ಅವರೂ ಗಟ್ಟಿಗರೇ. ನಾಲ್ವರಲ್ಲಿ ಮೂವರು ಹೊರಬರುತ್ತಾರೆ ಎಂಬುದು ನಿಯಮವಾಗಿರುವಾಗ ಲೆಕ್ಕವನ್ನು ಆ ಮೂವರ ಕಡೆಯಿಂದ ಮಾಡುವುದು ಕ್ಷೇಮ. ಉಳಿದುಕೊಂಡರೆ ಅದು ಲಾಭಕ್ಕೆ ಜಮೆ.

ಹೊರಬರುವವರಿಗೆ ಸರ್ಕಾರ ಕೊಟ್ಟ ಭರವಸೆಗಳಲ್ಲಿ ಗಟ್ಟಿಯಾದವು ಕೆಲವಿವೆ. ಬಿಎಸ್‌ಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ನೇಮಕದಲ್ಲಿ ಶೇಕಡ 10ರ ಮೀಸಲಾತಿ ಹಾಗೂ ದೈಹಿಕ ಪರೀಕ್ಷೆಯಿಂದ ವಿನಾಯಿತಿ ಪ್ರಕಟವಾಯಿತು, ವಯೋಮಿತಿಯಲ್ಲಿ ಮೊದಲ ತಂಡಕ್ಕೆ ಐದು ವರ್ಷ, ನಂತರದವರಿಗೆ ಮೂರು ವರ್ಷ ಸಡಿಲಿಕೆ ಬಂತು. ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು, ಈ ಭಾಗದಲ್ಲಿ ಯಾರೂ ಒತ್ತಿ ಹೇಳದ ಒಂದು ಸಂಗತಿ: ಓದು. ಹತ್ತನೇ ತರಗತಿ ಮುಗಿಸಿ ಸೇರಿದವನಿಗೆ ನಾಲ್ಕು ವರ್ಷದ ಕೊನೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿಗೆ ಸಮನಾದ ಪ್ರಮಾಣಪತ್ರ ಸಿಗುವ ವ್ಯವಸ್ಥೆ ಇದೆ. ಪಿಯುಸಿ ಮುಗಿಸಿ ಸೇರಿದವನಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿಗೆ ದಾರಿ ಇದೆ. ಆ ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧದಷ್ಟು ಸೇನೆಯ ತರಬೇತಿಯಿಂದಲೇ ಲೆಕ್ಕಕ್ಕೆ ಬರುತ್ತವೆ. ಅಂದರೆ ಒಂದೇ ನಾಲ್ಕು ವರ್ಷ, ಒಂದೇ ಬೆವರು, ಒಂದೇ ಪಗಾರ. ಒಬ್ಬ ಹೊರಬರುವಾಗ ಪಿಯುಸಿ ಮಟ್ಟದಲ್ಲಿರುತ್ತಾನೆ, ಇನ್ನೊಬ್ಬ ಪದವೀಧರನಾಗಿರುತ್ತಾನೆ. ಕರ್ನಾಟಕದಲ್ಲಿ ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್‌ಗೆ ಎಸ್ಸೆಸ್ಸೆಲ್ಸಿ ಸಾಕು, ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಬೇಕು, 2024ರಲ್ಲಿ ಕರೆದ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೂ ಪಿಯುಸಿಯೇ ಅರ್ಹತೆ, ಪಿಎಸ್‌ಐ ಆಗಲು ಪದವಿ ಬೇಕೇ ಬೇಕು. ಐದನೇ ವರ್ಷ ಯಾವ ಬಾಗಿಲು ತಟ್ಟಬಹುದು ಎಂಬುದನ್ನು ತೀರ್ಮಾನಿಸುವುದು ಸೇರುವ ಮುನ್ನ ಅವನು ಪಿಯುಸಿ ಮುಗಿಸಿದ್ದನೇ ಎಂಬ ಒಂದೇ ಸಂಗತಿ.

ಹೀಗಾಗಿ ಹತ್ತನೇ ತರಗತಿ ಮುಗಿದ ಕೂಡಲೇ ಓದು ಬಿಡಿಸಿ ಹುಡುಗನನ್ನು ಭರತಿ ಅಕಾಡೆಮಿಗೆ ಸೇರಿಸುವುದು ದುಬಾರಿಯ ಅವಸರ. ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಹಗುರ ಮಾಡುವಂತಿಲ್ಲ. ಬೇಗ ಸೇರಿದರೆ ಬೇಗ ಹೊರಬರುತ್ತಾನೆ, ಹದಿನೇಳೂವರೆಗೆ ಸೇರಿದವನಿಗೆ ಇಪ್ಪತ್ತೊಂದೂವರೆಗೇ ಎಲ್ಲ ಮುಗಿದು ಬೇರೆ ಪರೀಕ್ಷೆಗಳಿಗೆ ವಯಸ್ಸು ಉಳಿದಿರುತ್ತದೆ ಎನ್ನುತ್ತಾರೆ. ಲೆಕ್ಕ ಸರಿಯೇ, ಆದರೆ ಅರ್ಧ. ಯೋಜನೆ ಘೋಷಣೆಯಾದಾಗ ಹೇಳಿದ ವಯೋಮಿತಿ ಹದಿನೇಳೂವರೆಯಿಂದ 21. ಪಿಯುಸಿ ಮುಗಿಯುವುದು ಹದಿನೆಂಟರ ಆಸುಪಾಸು. ಆ ಲೆಕ್ಕದಲ್ಲೂ ಮೂರು ವರ್ಷ ಕೈಯಲ್ಲಿರುತ್ತದೆ. ಪ್ರವೇಶ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯುವುದರಿಂದ ಪಿಯುಸಿಯ ನಂತರವೂ ಎರಡು-ಮೂರು ಸಲ ಪ್ರಯತ್ನಿಸಬಹುದು. ಹತ್ತೊಂಬತ್ತಕ್ಕೆ ಸೇರಿದರೆ ಇಪ್ಪತ್ಮೂರಕ್ಕೆ ಹೊರಬರುತ್ತಾನೆ. ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಸಾಮಾನ್ಯ ಮಿತಿ 23, ಅಗ್ನಿವೀರರ ಸಡಿಲಿಕೆ ಮೂರು ವರ್ಷ ಸೇರಿಸಿದರೆ 26, ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಇನ್ನೂ ಹೆಚ್ಚು. ಆಯಾ ವರ್ಷದ ಅಧಿಸೂಚನೆಯ ತಾರೀಕುಗಳನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು, ಅದು ಬೇರೆ ಮಾತು. ಒಟ್ಟಿನಲ್ಲಿ ಎರಡು ವರ್ಷ ಕಾದದ್ದರಿಂದ ಕಳೆದುಕೊಳ್ಳುವುದು ಕಡಿಮೆ, ಗಳಿಸುವುದು ಒಂದು ಇಡೀ ಪದವಿ. 2011ರ ಜನಗಣತಿಯಲ್ಲಿ ಶೇಕಡ 67ರ ಸಾಕ್ಷರತೆಯಲ್ಲಿದ್ದ ಜಿಲ್ಲೆಗೆ, ಎಷ್ಟೋ ಮನೆಗಳಲ್ಲಿ ಆ ಹುಡುಗನೇ ಮೊದಲ ಪದವೀಧರನಾಗುವ ಸಾಧ್ಯತೆ ಇರುವಾಗ, ಇದು ಸಣ್ಣ ಗಳಿಕೆಯಲ್ಲ.

ಪಿಯುಸಿ ಎಂದಾಗ ಇನ್ನೊಂದು ಬಾಗಿಲನ್ನೂ ಹೇಳಲೇಬೇಕು. ವಿಜಯಪುರದ ಸೈನಿಕ ಶಾಲೆ 1963ರ ಸೆಪ್ಟೆಂಬರ್‌ನಿಂದ ಇದೆ. ಅರವತ್ತು ವರ್ಷ ದಾಟಿದ ಆ ಶಾಲೆಯ ಗೋಡೆಯಾಚೆಗೆ, ತಾಲ್ಲೂಕು ಕೇಂದ್ರಗಳ ಪಿಯು ಕಾಲೇಜುಗಳಿಗೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎಂಬ ಹೆಸರು ಎಷ್ಟು ತಲುಪಿದೆ? ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ನಡೆಸುವ ಆ ಪರೀಕ್ಷೆಯಲ್ಲಿ ಭೂಸೇನೆಯ ವಿಭಾಗಕ್ಕೆ ಯಾವುದೇ ವಿಷಯದ ಪಿಯುಸಿ ಸಾಕು. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹುಡುಗಿಯರೂ ಬರೆಯಬಹುದು. ಪರೀಕ್ಷೆ ಕಠಿಣ, ಇಂಗ್ಲಿಷ್ ದೊಡ್ಡ ಅಡ್ಡಿ, ಎಲ್ಲರಿಗೂ ಎಟಕುವುದಿಲ್ಲ. ಆದರೆ ತಾಳಿಕೋಟೆಯ, ಆಲಮೇಲದ ಬುದ್ಧಿವಂತ ಹುಡುಗನೊಬ್ಬ ಅದರ ಹೆಸರೇ ಕೇಳದೆ ಹದಿನೇಳೂವರೆಗೆ ಬೇರೆ ಅರ್ಜಿಗೆ ಸಹಿ ಹಾಕಿದರೆ ಆ ನಷ್ಟ ನಮ್ಮೆಲ್ಲರದು. ಹೆಣ್ಣುಮಕ್ಕಳಿಗೆ ಸೇನೆಯ ಮಿಲಿಟರಿ ಪೊಲೀಸ್ ವಿಭಾಗವೂ ತೆರೆದಿದೆ. ಅದರ ಮೊದಲ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ.

ಮೈದಾನದ ಮಾತಿಗೆ ಬಂದರೆ, 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದವನಿಗೆ ಪೂರ್ತಿ 60 ಅಂಕ, ಬೀಮ್‌ನಲ್ಲಿ ಹತ್ತು ಸಲ ಮೈ ಎತ್ತಿದವನಿಗೆ 40. ನಸುಕಿನಲ್ಲೇ ಎದ್ದು ಡಾಂಬರು ರಸ್ತೆಯಲ್ಲಿ ಓಡುವ ನಮ್ಮ ಹುಡುಗರಿಗೆ ಇದು ದೊಡ್ಡ ಅಡ್ಡಿಯಲ್ಲ. ಅಡ್ಡಿ ಬಂದಿರುವುದು 2023ರ ಬದಲಾವಣೆಯಿಂದ. ಅಲ್ಲಿಯವರೆಗೆ ಮೊದಲು ಓಟ, ಆಮೇಲೆ ಪರೀಕ್ಷೆ ಇತ್ತು, ಈಗ ಮೊದಲು ಕಂಪ್ಯೂಟರಿನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ಮೈದಾನ. ಕಾಲಿನ ಬಲದ ಮೇಲೆ ಭರವಸೆ ಇಟ್ಟು ಪುಸ್ತಕ ಮುಚ್ಚಿದವನು ಮೈದಾನವನ್ನು ನೋಡುವುದೇ ಇಲ್ಲ. 2025ರಿಂದ ಕನ್ನಡದಲ್ಲೂ ಪರೀಕ್ಷೆ ಬರೆಯಲು ಅವಕಾಶ ಬಂದಿರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ಅನುಕೂಲ. ಅರ್ಜಿ ಶುಲ್ಕ 250 ರೂಪಾಯಿ, ಅದರಾಚೆ ಯಾರಿಗೂ ಒಂದು ಪೈಸೆ ಕೊಡಬೇಕಾದದ್ದಿಲ್ಲ. ವಿಜಯಪುರ ಜಿಲ್ಲೆ ಸೇರುವುದು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ. ಕಚೇರಿ ಅಷ್ಟು ದೂರವಿದ್ದಾಗ ನಡುವೆ ದಲ್ಲಾಳಿಗಳು ಹುಟ್ಟಿಕೊಳ್ಳುವುದು ಸುಲಭ. ಮೆಡಿಕಲ್ ಪಾಸು ಮಾಡಿಸುತ್ತೇನೆ ಎಂದು ಯಾವನಾದರೂ ಲಕ್ಷ ಕೇಳಿದರೆ ಅವನು ಮೋಸಗಾರ, ಅದರಲ್ಲಿ ಎರಡನೇ ಮಾತಿಲ್ಲ.

ಇನ್ನು ದೊಡ್ಡ ಆಕ್ಷೇಪ. ದೇಶಸೇವೆಯನ್ನು ಹೀಗೆ ರೂಪಾಯಿ, ಪದವಿ, ವಯೋಮಿತಿಗಳಲ್ಲಿ ಅಳೆಯಬಹುದೇ? ಗಡಿಯಲ್ಲಿ ನಿಲ್ಲುವವನ ಮನಸ್ಸಿನಲ್ಲಿ ಐದನೇ ವರ್ಷದ ಚಿಂತೆ ತುಂಬಿದರೆ ಅವನೆಂಥ ಸೈನಿಕ? ಈ ಪ್ರಶ್ನೆ ಕೇಳುವವರ ಭಾವನೆಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಅಳೆಯಬಹುದು, ಅಳೆಯಲೇಬೇಕು. ಕರಾರನ್ನು ಬರೆದದ್ದು ಸರ್ಕಾರ. ನಾಲ್ಕು ವರ್ಷ, ಶೇಕಡ 25, ಶೇಕಡ 30ರ ಕಡಿತ ಎಂದು ಅಂಕಿಗಳಲ್ಲೇ ಬರೆದಿದೆ. ಒಂದು ಕಡೆಯವರು ಅಂಕಿಗಳಲ್ಲಿ ಮಾತಾಡುವಾಗ ಇನ್ನೊಂದು ಕಡೆಯವರು ಭಾವನೆಯಲ್ಲಿ ಮಾತ್ರ ಉತ್ತರಿಸಬೇಕು ಎಂದು ಬಡವರ ಮಕ್ಕಳಿಗೆ ಹೇಳುವುದು ನ್ಯಾಯವಲ್ಲ. ಬಸವಣ್ಣ ಹುಟ್ಟಿದ ಊರು ಬಾಗೇವಾಡಿ. ಕಾಯಕವನ್ನು ಪೂಜೆಯಷ್ಟೇ ಎತ್ತರಕ್ಕೇರಿಸಿದ ಆ ಪರಂಪರೆಯಲ್ಲಿ ದುಡಿಮೆಯ ಫಲ ಕೇಳುವುದು ಎಂದೂ ಸಣ್ಣತನವಾಗಿರಲಿಲ್ಲ. ಮನೆಯ ಚಿಂತೆ ತೀರಿಸಿಕೊಂಡು ಹೋದ ಸೈನಿಕನೇ ನಿಶ್ಚಿಂತೆಯಿಂದ ಕಾವಲು ನಿಲ್ಲುತ್ತಾನೆ. ಕಣ್ಣುಕಟ್ಟಿ ಕಳಿಸಿದವನಿಗೆ ಚಿಂತೆ ನಾಲ್ಕನೇ ವರ್ಷದ ಮೊದಲ ತಿಂಗಳಿಗೇ ಶುರುವಾಗುತ್ತದೆ.

ಎರಡನೇ ಆಕ್ಷೇಪ ಹಸಿವಿನ ಕಡೆಯಿಂದ ಬರುತ್ತದೆ, ಅದು ಇನ್ನೂ ಭಾರವಾದದ್ದು. ಐದನೇ ವರ್ಷದ ಯೋಚನೆ ಉಂಡು-ಉಟ್ಟವರ ಯೋಚನೆ, ಗಾರೆ ಕೆಲಸಕ್ಕೆ ಗೋವಾಕ್ಕೆ ಹೋಗುವುದಕ್ಕಿಂತ ನಾಲ್ಕು ವರ್ಷ ಸಮವಸ್ತ್ರದಲ್ಲಿರುವುದು ಲಕ್ಷಪಾಲು ಮೇಲು ಎನ್ನುತ್ತಾರೆ. ನಿಜ, ಮೇಲು. ತಿಂಗಳಿಗೆ 21,000 ಉಳಿತಾಯಕ್ಕೆ ಹತ್ತಿರದ ಹಣ, ಶಿಸ್ತು, ಹಿಂದಿ ಕಲಿಕೆ, ಊರಾಚೆಯ ಜಗತ್ತು, ಗಟ್ಟಿಯಾದ ದೇಹ, ಇವ್ಯಾವುದನ್ನೂ ಕೂಲಿಯ ಶೆಡ್ಡು ಕೊಡುವುದಿಲ್ಲ. ನಾನು ಬೇಡ ಎನ್ನುತ್ತಿಲ್ಲ. ಪಿಯುಸಿಯ ಎರಡು ವರ್ಷ ಮುಗಿಸಿ ಹೋಗಲಿ ಎನ್ನುತ್ತಿದ್ದೇನೆ. ಸರ್ಕಾರಿ ಪಿಯು ಕಾಲೇಜಿನ ಶುಲ್ಕ ಒಂದು ಖಾಸಗಿ ಅಕಾಡೆಮಿಯ ಊಟ-ವಸತಿಯ ಖರ್ಚಿಗಿಂತ ಕಡಿಮೆ. ಓಟದ ಅಭ್ಯಾಸ ಕಾಲೇಜಿಗೆ ಹೋಗುತ್ತಲೇ ಆಗುತ್ತದೆ, ಎನ್‌ಸಿಸಿ ಇರುವ ಕಾಲೇಜಾದರೆ ಅದರ ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಂಕವೂ ಇದೆ. ಮೇಲಾಗಿ ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿ ಆಯ್ಕೆಯಾಗುವುದೇ ಇಲ್ಲ. ಎತ್ತರ ಅರ್ಧ ಇಂಚು ಕಡಿಮೆ, ಕಿವಿಯಲ್ಲಿ ತೊಂದರೆ, ಮೊಣಕಾಲು ಒಂದಕ್ಕೊಂದು ತಾಗುತ್ತದೆ ಎಂಬ ಕಾರಣಕ್ಕೆ ಮೆಡಿಕಲ್‌ನಲ್ಲಿ ಹೊರಬಿದ್ದವನ ಕೈಯಲ್ಲಿ ಪಿಯುಸಿಯೂ ಇಲ್ಲದಿದ್ದರೆ ಅವನಿಗೆ ಐದನೇ ವರ್ಷದ ಪ್ರಶ್ನೆ ಮೊದಲ ವರ್ಷವೇ ಬಂದು ನಿಲ್ಲುತ್ತದೆ. ಬಡತನ ಎಷ್ಟು ಹೆಚ್ಚೋ ಆ ಎರಡು ವರ್ಷದ ಓದಿನ ಬೆಲೆ ಅಷ್ಟು ಹೆಚ್ಚು.

ಜೀವದ ಮಾತನ್ನು ಆಡದೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಉತ್ತರ ಕರ್ನಾಟಕದ ಪ್ರತಿ ಮನೆಗೂ ಗೊತ್ತು. 2025ರ ಮೇ ತಿಂಗಳಲ್ಲಿ ಗಡಿಯ ಗುಂಡಿನ ಚಕಮಕಿಯಲ್ಲಿ ಪ್ರಾಣ ಕೊಟ್ಟ ಮುರಳಿ ನಾಯಕ್ ಅಗ್ನಿವೀರ. ಕರ್ನಾಟಕದ ಗಡಿಗೆ ಹೊಂದಿದ ಆಂಧ್ರದ ಗೋರಂಟ್ಲ ಮಂಡಲದ ಒಂದು ತಾಂಡಾದ ಹುಡುಗ. ನಮ್ಮ ನಾಲ್ಕೂ ತಾಲ್ಲೂಕುಗಳ ಲಂಬಾಣಿ ತಾಂಡಾಗಳಿಗೆ ಅದು ದೂರದ ಸುದ್ದಿಯಲ್ಲ. ಗುಂಡಿಗೆ ಅಗ್ನಿವೀರ ಯಾರು, ಕಾಯಂ ಸೈನಿಕ ಯಾರು ಎಂಬ ಭೇದವಿಲ್ಲ, ಆದರೆ ಆಮೇಲಿನ ಕಾಗದಗಳಲ್ಲಿ ಇದೆ. ಕರ್ತವ್ಯದಲ್ಲಿ ತೀರಿಕೊಂಡ ಅಗ್ನಿವೀರನ ಕುಟುಂಬಕ್ಕೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಸೇವಾ ನಿಧಿ, ಉಳಿದ ಅವಧಿಯ ಪಗಾರ ಸಿಗಬೇಕು. ಕಾಯಂ ಸೈನಿಕನ ಕುಟುಂಬಕ್ಕೆ ಸಿಗುವ ಕುಟುಂಬ ಪಿಂಚಣಿ ಇಲ್ಲ. ಒಂದೇ ಬಂಕರಿನಲ್ಲಿ ನಿಂತ ಇಬ್ಬರ ತಾಯಂದಿರ ನಡುವೆ ಈ ಅಂತರ ಇರಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಂತರ ಇರುವವರೆಗೆ ಅದನ್ನು ತಿಳಿದೇ ತೀರ್ಮಾನಿಸಬೇಕು. ಹದಿನೆಂಟು ತುಂಬದ ಹುಡುಗ ಸೇರಲು ತಂದೆ ಅಥವಾ ತಾಯಿಯ ಸಹಿ ಬೇಕು. ಆ ಸಹಿಗೆ ಮುನ್ನ ಈ ಪ್ಯಾರಾದಲ್ಲಿರುವುದನ್ನು ಅವ್ವನಿಗೂ ಬಿಡಿಸಿ ಹೇಳಬೇಕು. ಅವಳಿಂದ ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಹುಡುಗರು, ಹೆತ್ತವರು ಮಾಡಬೇಕಾದದ್ದು ಇಷ್ಟಾದರೆ ಸರ್ಕಾರ ಮಾಡಬೇಕಾದದ್ದೂ ಇದೆ. ವರ್ಷ ವರ್ಷವೂ ಒಂದೊಂದು ತಂಡ ಊರಿಗೆ ಮರಳುತ್ತಲೇ ಇರುತ್ತದೆ. ಇಪ್ಪತ್ತೆರಡರಿಂದ ಇಪ್ಪತ್ತೈದರ ನಡುವಿನ, ಶಸ್ತ್ರದ ತರಬೇತಿ ಪಡೆದ, ನಸುಕಿಗೆ ಏಳುವ ಅಭ್ಯಾಸವಿರುವ ಈ ಯುವಕರನ್ನು ಮುಂದೆ ಅಡ್ಡದಾರಿ ಹಿಡಿಯುತ್ತಾರೆ ಎಂಬ ಅನುಮಾನದಿಂದ ನೋಡುವವರಿದ್ದಾರೆ. ಸೇವೆ ಮುಗಿಸಿ ಬಂದವರನ್ನು ಹಾಗೆ ನೋಡುವುದು ಅವಮಾನ. ಭೀಮೆಯಲ್ಲಿ, ಕೃಷ್ಣೆಯಲ್ಲಿ ಪ್ರವಾಹ ಬಂದಾಗ ಹಗ್ಗ ಹಿಡಿದು ನೀರಿಗಿಳಿಯಬಲ್ಲವರು ಇವರು. ವಿಪತ್ತು ನಿರ್ವಹಣಾ ಪಡೆ, ಅಗ್ನಿಶಾಮಕ, ಅರಣ್ಯ, ಕಾರಾಗೃಹ, ಪೊಲೀಸ್ ಇಲಾಖೆಗಳಿಗೆ ಇವರಿಗಿಂತ ಸಿದ್ಧರಾದ ಅಭ್ಯರ್ಥಿಗಳು ಸಿಗುವುದಿಲ್ಲ. ಆಲಮಟ್ಟಿಯಂಥ ಅಣೆಕಟ್ಟಿಗೆ, ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಾವಲು ಬೇಕು, ಆ ಕೆಲಸಗಳಲ್ಲಿ ಭೂಮಿ ಕಳೆದುಕೊಂಡ ಊರುಗಳ ಅಗ್ನಿವೀರರಿಗೆ ಆದ್ಯತೆ ಕೇಳುವುದು ಅತಿಯಾಸೆಯಲ್ಲ. ಹರಿಯಾಣ, ಉತ್ತರಪ್ರದೇಶದಂಥ ರಾಜ್ಯಗಳು ತಮ್ಮ ಪೊಲೀಸ್ ನೇಮಕಾತಿಯಲ್ಲಿ ಅಗ್ನಿವೀರರಿಗೆ ಪಾಲು ಘೋಷಿಸಿವೆ. ಕರ್ನಾಟಕದಲ್ಲಿ ಯಾವ ಇಲಾಖೆಯಲ್ಲಿ ಎಷ್ಟು ಪಾಲು, ಎಷ್ಟು ವರ್ಷದ ಸಡಿಲಿಕೆ ಎಂಬುದು ನೇಮಕಾತಿ ನಿಯಮಗಳಲ್ಲೇ ಬರೆದಿರಬೇಕು, ಭಾಷಣಗಳಲ್ಲಿ ಇದ್ದರೆ ಸಾಲದು. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ಮಾಜಿ ಸೈನಿಕರ ಪಟ್ಟಿಯ ಜೊತೆಗೆ ಇವರದೂ ಒಂದು ಪಟ್ಟಿ ಇಡಬೇಕು. ನಿಯಮ ಬರೆಯಲು ಮೊದಲ ತಂಡ ಊರಿಗೆ ಬರಲಿ ಎಂದು ಕಾದರೆ, ಕಡತ ವಿಧಾನಸೌಧದಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಅವರಲ್ಲಿ ಹಲವರ ವಯೋಮಿತಿ ಮುಗಿದಿರುತ್ತದೆ.